ಧ್ವನಿಪೆಟ್ಟಿಗೆಯ ಕೆಲಸ

ಆಲೆಟ್ಟಿ
೫ ನವೆಂಬರ್ ೨೦೨೩

ಮಗಳು ಮೋಕ್ಷಿತಾಳಿಗೆ,

ಅಪ್ಪನ ಕೈಬರಹದ ಲಕೋಟೆ ನೋಡಿ ಎದೆ ಒಡೆದುಕೊಳ್ಳಬೇಡ, ಎಲ್ಲರೂ ಇದ್ದೇವೆ. ಮಾತಾಡಬಾರದೆಂದು ಡಾಕ್ಟರ ಕಟ್ಟಪ್ಪಣೆ, ಹಾಗಾಗಿ ಫೋನು ಸುಮ್ಮನೆ ಬಿದ್ದಿದೆ. ವಾಟ್ಸಾಪಿನಲ್ಲಿ ಬರೆದರೆ ನೀನು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀ. ಕಾಗದಕ್ಕಾದರೆ ಕೂತು ಉತ್ತರ ಬರೆಯಬೇಕು. ಮೈಸೂರಿನಲ್ಲಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಿಕೊಂಡು ಕೂತವಳಿಗೆ ಅಷ್ಟು ಪುರುಸೊತ್ತು ಇರಬಹುದು.

ಗಂಟಲು ಕೆಟ್ಟದ್ದು ಮೇ ತಿಂಗಳಿನಿಂದ ಎಂದು ನಿನಗೆ ಗೊತ್ತು. ಊರೂರಿನ ಕಬಡ್ಡಿಗೆ ಮೈಕ್ ಹಿಡಿದು ಕೂಗುವವರ ಗಂಟಲು ಕೆಡುವುದು ಹೊಸತಲ್ಲ. ಸೀಸನ್ ಮುಗಿದ ಮೇಲೆ ಎರಡು ವಾರ ಕಾಳುಮೆಣಸಿನ ಕಷಾಯ ಕುಡಿದರೆ ಸರಿಯಾಗುತ್ತಿತ್ತು. ಈ ಸಲ ಆಗಲಿಲ್ಲ. ಗಂಟಲು ಪಸೆಯಾಗಿರಲಿ ಎಂದು ನಾನು ಎಲೆಯಡಿಕೆಯನ್ನು ಇನ್ನೂ ಎರಡು ಸಲ ಹೆಚ್ಚಿಗೆ ಹಾಕಿಕೊಂಡೆ. ಮೂವತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದವನು ನಾನು. ಮೈಕ್ ಹಿಡಿಯುವ ಮೊದಲು ಒಂದು ಕವಳ, ಅದರಲ್ಲಿ ಹೊಗೆಸೊಪ್ಪಿನ ಒಂದು ಚೂರು, ಆಮೇಲೆ ಸ್ವರ ಬೆಣ್ಣೆ. ಈಗ ಮಂಗಳೂರಿನ ಡಾಕ್ಟರು ಆ ಕವಳವನ್ನೇ ಮೊದಲ ಆರೋಪಿ ಮಾಡಿದ್ದಾರೆ. ಅಡಿಕೆ ತಿಂದು ಅಡಿಕೆ ಮಾರಿ ಬದುಕುವ ಊರಿನಲ್ಲಿ ಈ ಮಾತನ್ನು ಯಾರ ಹತ್ತಿರ ಹೇಳುವುದು? ನಿನ್ನ ಅವ್ವ ಕೇಳಿದವರಿಗೆಲ್ಲ "ಗಂಟಲಲ್ಲಿ ಎಂತದೋ ಗಂಟು" ಎಂದು ಹೇಳಿ ಮಾತು ತಿರುಗಿಸುತ್ತಾಳೆ.

ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಬರೆದೇ ಬಿಟ್ಟೆ ನೋಡು. ಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ. ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತಾರಂತೆ, ಮುಂದೆ ಉಸಿರೆಲ್ಲ ಅದರಲ್ಲೇ. ತೆಗೆದರೆ ಬದುಕಬಹುದು, ಸ್ವರ ಹೋಗುತ್ತದೆ. ತೆಗೆಯದಿದ್ದರೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಡಿಸೆಂಬರ್ ನಾಲ್ಕಕ್ಕೆ ದಿನ ಕೊಟ್ಟಿದ್ದಾರೆ.

ಜೋಣಿ ತನ್ನ ಮೈಕ್ ಸೆಟ್ಟಿನ ಪಿಕಪ್ಪಿನಲ್ಲೇ ನಮ್ಮಿಬ್ಬರನ್ನು ಕರೆದುಕೊಂಡು ಹೋಗಿದ್ದ. ನೆಲ್ಯಾಡಿಯಿಂದ ಆಲೆಟ್ಟಿಗೆ ಬಂದು, ಮತ್ತೆ ಮಂಗಳೂರಿಗೆ. ಬರುವಾಗ ತಮಾಷೆ ಮಾಡಿದ. "ಇಷ್ಟು ವರ್ಷ ನಿಮ್ಮ ಬಾಯಿ ಬಂದ್ ಮಾಡ್ಲಿಕ್ಕೆ ನಾನು ಆಂಪ್ಲಿಫಯರ್ ಆಫ್ ಮಾಡ್ಬೇಕಿತ್ತು ಜತ್ತಣ್ಣ. ಇನ್ನು ಕರೆಂಟ್ ಉಳಿತಾಯ." ಮಾಣಿಯಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಿದವನು ಇಳಿಯಲೇ ಇಲ್ಲ. ಸ್ಟೀರಿಂಗಿಗೆ ಹಣೆ ಕೊಟ್ಟು ಕೂತಿದ್ದ. ನಾವು ಮೂವರೂ ಚಹಾ ಕುಡಿಯದೆ ಮನೆಗೆ ಬಂದೆವು.

ನಾನು ಒಪ್ಪಿಲ್ಲ ಮಗಾ. ಕಬಡ್ಡಿ, ವಾಲಿಬಾಲ್, ಶಾಲೆಯ ವಾರ್ಷಿಕೋತ್ಸವ, ಉರೂಸು, ಚರ್ಚಿನ ಹಬ್ಬ ಎಲ್ಲದಕ್ಕೂ ಈ ಒಂದೇ ಗಂಟಲು, ತುಳು, ಕನ್ನಡ, ಮಲಯಾಳ, ಅರೆಭಾಷೆ ನಾಲ್ಕರಲ್ಲೂ. ಒಮ್ಮೆ ಈಶ್ವರಮಂಗಲದಲ್ಲಿ ಜಂಗುಳಿಯೊಳಗೆ ಒಂದು ಹೆಣ್ಣುಮಗು ತಪ್ಪಿಹೋಗಿತ್ತು. ಆಟ ನಿಲ್ಲಿಸಿ, ಅದರ ಅಂಗಿಯ ಬಣ್ಣ ಹೇಳಿ ಹೇಳಿ ಅರ್ಧ ಗಂಟೆ ಕೂಗಿದೆ. ಮಗು ಸಿಕ್ಕಿತು. ಅದರ ತಾಯಿ ಬಂದು ನನ್ನ ಗಂಟಲನ್ನೇ ಮುಟ್ಟಿ ನಮಸ್ಕಾರ ಮಾಡಿದಳು. ದೇವರು ಆ ಪೆಟ್ಟಿಗೆಯನ್ನು ಇಟ್ಟದ್ದೇ ಆ ಕೆಲಸಕ್ಕೆ. ಅದನ್ನು ಕಿತ್ತು ಬಿಸಾಡಿ ಬದುಕುವುದೆಂದರೆ ಎಂತಹ ಬದುಕು? ನೀನು ಜೀವಶಾಸ್ತ್ರ ಓದಿದವಳು, ಹೇಳು.

ನಿನ್ನ ಅಪ್ಪ
ಜತ್ತಪ್ಪ


ಮೈಸೂರು
೧೪ ನವೆಂಬರ್ ೨೦೨೩

ಪ್ರೀತಿಯ ಅಪ್ಪ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಒಡೆದೆ, ಅಲ್ಲಿ ಓದಲು ಆಗದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಓದಿದೆ. ಅವ್ವ ಫೋನಿನಲ್ಲಿ ನನಗೂ "ಗಂಟು" ಎಂದೇ ಹೇಳಿದ್ದಳು. ಈಗ ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ನನಗೆ ಬರುವುದು ಅದೊಂದೇ.

ಒಂದು ಅಂಗದ ಕೆಲಸ ಎಂದರೇನು ಎಂಬುದರ ಬಗ್ಗೆ ನಮ್ಮ ವಿಭಾಗದಲ್ಲಿ ಈ ವರ್ಷವಿಡೀ ಜಗಳ. ಒಂದು ಅಂಗ ನೂರು ಸಂಗತಿ ಮಾಡಬಹುದು, ಅಷ್ಟೂ ಅದರ ಕೆಲಸ ಅಲ್ಲ. ಹೃದಯ ರಕ್ತ ದೂಡುತ್ತದೆ, ಲಬ್ ಡಬ್ ಎಂದು ಸದ್ದೂ ಮಾಡುತ್ತದೆ. ಸದ್ದಿನಿಂದ ಡಾಕ್ಟರಿಗೆ ಉಪಕಾರ ಉಂಟು, ಆದರೆ ಹೃದಯ ಇರುವುದು ಸದ್ದಿಗಾಗಿ ಅಲ್ಲ. ಯಾವುದನ್ನು ಮಾಡಿದ್ದರಿಂದ ಆ ಅಂಗ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂತೋ ಅದು ಅದರ ಕೆಲಸ. ಉಳಿದದ್ದು ಜೊತೆಗೆ ಬಂದದ್ದು.

ಈಗ ನಿಮ್ಮ ಧ್ವನಿಪೆಟ್ಟಿಗೆಗೆ ಬರುತ್ತೇನೆ. ಹೆಸರೇ ತಪ್ಪು ಅಪ್ಪ. ಶ್ವಾಸಕೋಶ ಇರುವ ಕೆಲವು ಮೀನುಗಳಿವೆ. ಅವುಗಳ ಗಂಟಲಲ್ಲಿ ನೀರು ಒಳಗೆ ನುಗ್ಗದ ಹಾಗೆ ಮುಚ್ಚಿಕೊಳ್ಳುವ ಒಂದು ಸಣ್ಣ ಬಾಗಿಲು ಉಂಟು. ನಮ್ಮ ಧ್ವನಿಪೆಟ್ಟಿಗೆ ಮೂಲದಲ್ಲಿ ಅಂಥ ಬಾಗಿಲು. ಅನ್ನ ನೀರು ಉಸಿರಿನ ದಾರಿಗೆ ಹೋಗದ ಹಾಗೆ ತಡೆಯುವುದು ಅದರ ಮೊದಲ ಕೆಲಸ. ಸ್ವರ ಎಷ್ಟೋ ಕಾಲದ ಮೇಲೆ ಬಂತು, ಆ ಬಾಗಿಲಿನ ಅಂಚು ನಡುಗಿ ಆದ ಶಬ್ದ ಅದು. ನೀವು ಅದನ್ನು ಮೂವತ್ತು ವರ್ಷ ಚೆನ್ನಾಗಿ ಬಳಸಿಕೊಂಡಿರಿ. ಅದು ನಿಮಗೆ ಸಿಕ್ಕಿದ ಲಾಭ, ಅದರ ಕೆಲಸ ಅಲ್ಲ.

ಬಾಗಿಲಿನ ಕೆಲಸವನ್ನು ಡಾಕ್ಟರು ಬೇರೆ ರೀತಿಯಲ್ಲಿ ಮಾಡಿಕೊಡುತ್ತಾರೆ. ಅನ್ನಕ್ಕೊಂದು ದಾರಿ, ಉಸಿರಿಗೊಂದು ದಾರಿ, ಎರಡೂ ಎಂದಿಗೂ ಸೇರುವುದಿಲ್ಲ. ದೇಹದ ಲೆಕ್ಕದಲ್ಲಿ ಏನೂ ಕಡಿಮೆಯಾಗುವುದಿಲ್ಲ. ದಯವಿಟ್ಟು ಡಿಸೆಂಬರ್ ನಾಲ್ಕಕ್ಕೆ ಹೋಗಿ. ನಾನು ರಜೆ ಹಾಕಿ ಬರುತ್ತೇನೆ.

ನಿಮ್ಮ ಮಗಳು
ಮೋಕ್ಷಿತಾ


ಆಲೆಟ್ಟಿ
೨೪ ನವೆಂಬರ್ ೨೦೨೩

ಪಂಡಿತೆ ಮೋಕ್ಷಿತಾಳ ಸನ್ನಿಧಿಗೆ,

ನಿನ್ನ ಪಾಠ ಓದಿದೆ. ನಿನ್ನನ್ನು ಓದಿಸಿದ್ದು ದಂಡ ಆಗಲಿಲ್ಲ. ಅಪ್ಪನ ಹುಟ್ಟುಸಂಪತ್ತು ಮೀನಿನ ಗಂಟಲಿನ ಬಾಗಿಲು ಎಂದು ತಿಳಿಸಿದ್ದಕ್ಕೆ ಉಪಕಾರ.

ಮೊನ್ನೆ ಜೋಣಿಯ ತೋಟಕ್ಕೆ ಹೋಗಿದ್ದೆ. ಅವನು ಮೈಕಿಲ್ಲದ ದಿನ ರಬ್ಬರ್ ಕೆತ್ತುತ್ತಾನಲ್ಲ. ಮರ ಹಾಲು ಬಿಡುವುದು ಯಾಕೆ ಎಂದು ನೀನೇ ಪಿಯುಸಿಯಲ್ಲಿದ್ದಾಗ ನಮಗೆ ಹೇಳಿದ್ದೆ. ತೊಗಟೆಗೆ ಗಾಯವಾದರೆ ಮುಚ್ಚಲಿಕ್ಕೆ, ಹುಳ ಬಾರದ ಹಾಗೆ ಮಾಡಲಿಕ್ಕೆ. ಸರಿ. ಮರ ಮುಚ್ಚುತ್ತದೆ, ಜೋಣಿ ಮತ್ತೆ ಕೆತ್ತುತ್ತಾನೆ. ಆ ಹಾಲಿನಿಂದ ಅವನು ಮನೆ ಕಟ್ಟಿದ, ಅಪ್ಪ ಅಮ್ಮನನ್ನು ಸಾಕಿದ, ಮಗಳು ರಿನುವಿಗೆ ಮದುವೆ ಮಾಡಿದ. ಈಗ ನೀನು ನೆಲ್ಯಾಡಿಗೆ ಬಂದು, ಜೋಣಿ ಅಂಕಲ್, ಅದು ಹಾಲಿನ ಕೆಲಸವೇ ಅಲ್ಲ, ನಿಮಗೆ ಸಿಕ್ಕಿದ ಲಾಭ ಎಂದು ಹೇಳು ನೋಡುವ. ಕತ್ತಿ ತೆಗೆದುಕೊಂಡು ಓಡಿಸಿಯಾನು.

ಯಾವುದೋ ಕಾಲದ ಮೀನಿಗೆ ಏನು ಬೇಕಿತ್ತು ಎಂಬುದು ನನಗೆ ಯಾಕೆ? ನನ್ನ ಗಂಟಲು ನನ್ನ ಕಾಲದಲ್ಲಿ ಏನು ಮಾಡಿತೋ ಅದು ಅದರ ಕೆಲಸ. ಅದನ್ನು ಕೇಳಿದವರು ಸಾಕ್ಷಿ. ನೀನು ಸಮಾಧಾನಕ್ಕೆ ಬರೆದೆ ಎಂದು ಗೊತ್ತು. ಆದರೆ ಕೈ ಕಡಿಯುವ ಮೊದಲು "ನಿಮ್ಮ ಕೈ ನಿಮ್ಮದಾಗಿಯೇ ಇರಲಿಲ್ಲ" ಎಂದು ಹೇಳಿದರೆ ಯಾರಿಗೆ ಸಮಾಧಾನ ಆಗುತ್ತದೆ?

ನಾಲ್ಕನೇ ತಾರೀಕಿಗೆ ಬರುವುದಿಲ್ಲವೆಂದು ಆಸ್ಪತ್ರೆಗೆ ಜೋಣಿಯ ಕೈಯಲ್ಲಿ ಫೋನು ಮಾಡಿಸಿದೆ. ಈ ಸೀಸನ್ ಮುಗಿಯಲಿ, ಆಮೇಲೆ ನೋಡುವ. ಮುಗಿಯುವಾಗ ನಾನೂ ಮುಗಿದರೆ ಮುಗಿದೆ.

ಅಪ್ಪ


ಮೈಸೂರು
೧ ಡಿಸೆಂಬರ್ ೨೦೨೩

ಅಪ್ಪ,

ತಪ್ಪಾಯಿತು. ನನ್ನ ಶಾಸ್ತ್ರವನ್ನು ಬೆಂಕಿಗೆ ಹಾಕಿ.

ಸ್ವರ ಏನು, ಬಾಗಿಲು ಏನು, ಯಾವುದರ ಕೆಲಸ ಯಾವುದು, ಒಂದೂ ಬೇಡ. ನನಗೆ ಅಪ್ಪ ಬೇಕು. ನಿಮಗೆ ಐವತ್ತೆಂಟು. ಒಂದು ವರ್ಷದ ಕಬಡ್ಡಿಗಾಗಿ ಇಪ್ಪತ್ತು ವರ್ಷ ಬಿಡುತ್ತೀರಾ? ಸೀಸನ್ ಮುಗಿಯುವವರೆಗೆ ಆ ಗಂಟು ಸುಮ್ಮನೆ ಕೂತಿರುವುದಿಲ್ಲ. ಆಮೇಲೆ ಡಾಕ್ಟರು ಕೈಚೆಲ್ಲಿದರೆ ಏನು ಮಾಡುವುದು?

ಅವ್ವನ ವಿಷಯ ಯೋಚಿಸಿ. ಅವಳಿಗೆ ಬೇಕಾದ್ದು ನೀವು, ನಿಮ್ಮ ಸ್ವರ ಅಲ್ಲ. ನನ್ನನ್ನು ನಂಬದಿದ್ದರೆ ಅವಳನ್ನೇ ಕೇಳಿ ನೋಡಿ.

ಮೋಕ್ಷಿತಾ


ಆಲೆಟ್ಟಿ
೨೨ ಡಿಸೆಂಬರ್ ೨೦೨೩

ಮಗಾ,

ಕೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ನಾನು ಸ್ಲೇಟಿನಲ್ಲಿ ಬರೆದು ಮುಂದೆ ಹಿಡಿದೆ. ಕನ್ನಡಕ ಹಾಕಿ ಓದಿದಳು, ಮತ್ತೆ ತುರಿಯಲು ಶುರು ಮಾಡಿದಳು. ಅರ್ಧ ಕಡಿ ಮುಗಿದ ಮೇಲೆ, "ನಿಮಗೆ ಬದುಕ್ಲಿಕ್ಕೆ ಮನಸ್ಸಿದ್ರೆ ನನ್ನನ್ನು ಯಾಕೆ ಕೇಳುದು? ಮನಸ್ಸಿಲ್ಲದಿದ್ರೆ ನನ್ನನ್ನು ಯಾಕೆ ಕೇಳುದು?" ಎಂದಳು. ಅವಳ ಕೈ ನಿಲ್ಲದೆ ಓಡುತ್ತಿತ್ತು. ಕಾಯಿ ಮುಗಿದು ಚಿಪ್ಪು ತುರಿಯುತ್ತಿದ್ದಾಳೆಂದು ಇಬ್ಬರಿಗೂ ಆಮೇಲೆ ಗೊತ್ತಾಯಿತು.

ಹಾಗಾಗಿ ನೀನು ಗೆದ್ದೆ. ಜನವರಿ ಎಂಟಕ್ಕೆ ದಿನ ಸಿಕ್ಕಿದೆ.

ಕಳೆದ ಶನಿವಾರ ಕಡಬದಲ್ಲಿ ಕಬಡ್ಡಿ ಇತ್ತು. ಬೇರೆಯವನು ಮೈಕ್ ಹಿಡಿದಿದ್ದ. ಫೈನಲಿನ ಕೊನೆಯ ಐದು ನಿಮಿಷಕ್ಕೆ ಜೋಣಿ ನನ್ನನ್ನು ಕರೆದು ಕೊಟ್ಟ. ಡಾಕ್ಟರ ಮಾತು ಮೀರಿದೆ, ಬೈಯಬೇಡ. ಸ್ವರ ಹರಿದ ಚಾಪೆಯ ಹಾಗೆ ಇತ್ತು. ಆದರೂ ಎರಡು ತಂಡದ ಹದಿನಾಲ್ಕು ಆಟಗಾರರ ಹೆಸರನ್ನೂ ಅವರ ಊರನ್ನೂ ಹೇಳಿದೆ, ಒಬ್ಬನದ್ದೂ ತಪ್ಪಲಿಲ್ಲ. ಜೋಣಿ ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದ. ಬೇಡ ಎಂದೆ. ಕೊಳೆತ ಸ್ವರವನ್ನು ಇಟ್ಟುಕೊಂಡು ಯಾರು ಕೇಳುವುದು?

ನೀನು ಆರಕ್ಕೇ ಬಾ.

ಅಪ್ಪ


ಆಲೆಟ್ಟಿ
೨೦ ಮಾರ್ಚ್ ೨೦೨೪

ಮೋಕ್ಷಿತಾ,

ನೀನು ಹೋಗಿ ಎರಡು ತಿಂಗಳ ಹತ್ತಿರ ಆಯಿತು. ಗಾಯ ಒಣಗಿದೆ. ಮೊನ್ನೆ ಪರೀಕ್ಷೆ ಮಾಡಿದ ಡಾಕ್ಟರು ಎಲ್ಲ ಚೊಕ್ಕ ಇದೆ ಎಂದರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಸಂತೋಷ ಇತ್ತು.

ಈಗ ನನ್ನ ಸುದ್ದಿ ಕೇಳು. ಬಿಸಿ ಗಂಜಿಗೆ ಊದಲು ಆಗುವುದಿಲ್ಲ. ಮೂಗಿನಲ್ಲಿ ಗಾಳಿ ಆಡದ ಕಾರಣ ವಾಸನೆಯೂ ಇಲ್ಲ, ಹಲಸಿನ ಹಣ್ಣನ್ನು ಪಕ್ಕದಲ್ಲಿಟ್ಟರೂ ಅಷ್ಟೇ. ಊರಿನವರು ಬಂದು ಮಾತಾಡಿಸುತ್ತಾರೆ, ನಾನು ಕಿವುಡನೆಂದುಕೊಂಡು ಕಿರುಚುತ್ತಾರೆ. ಒಬ್ಬನಂತೂ ಕೈಸನ್ನೆ ಮಾಡಿ ಊಟವಾಯಿತೇ ಎಂದು ಕೇಳಿದ. ನನಗೆ ನಗು ಬಂತು. ನಗುವಿಗೂ ಶಬ್ದ ಇಲ್ಲ, ಕುತ್ತಿಗೆಯ ತೂತಿನಿಂದ ಪುಸ್ಸೆಂದು ಗಾಳಿ ಬಂತು, ಅವನು ಹೆದರಿ ಹಿಂದೆ ಸರಿದ.

ಮಾತಾಡಲೆಂದು ನೀನು ಕಳಿಸಿದ ಯಂತ್ರವನ್ನು ಒಮ್ಮೆ ಗಂಟಲಿಗೆ ಹಿಡಿದು ನೋಡಿದೆ. ತಗಡಿನ ಡಬ್ಬದೊಳಗಿನಿಂದ ಯಾರೋ ಮಾತಾಡಿದ ಹಾಗೆ ಕೇಳಿತು. ನಿನ್ನ ಅವ್ವ ಚೆನ್ನಾಗಿದೆ ಎಂದಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ. ಅದನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ಅಷ್ಟು ಅಹಂಕಾರ ಇನ್ನೂ ಉಳಿದಿದೆ ಎಂದಿಟ್ಟುಕೊ.

ಅದರ ಬದಲು ನಾವಿಬ್ಬರೂ ಒಂದು ಕ್ರಮ ಮಾಡಿಕೊಂಡಿದ್ದೇವೆ. ಊಟದ ಸ್ಟೀಲ್ ಬಟ್ಟಲು ಮತ್ತು ಸೌಟು ಯಾವಾಗಲೂ ನನ್ನ ಕೈಗೆಟಕುವ ಹಾಗೆ ಜಗಲಿಯಲ್ಲಿ ಇರುತ್ತವೆ. ಒಂದು ಪೆಟ್ಟು ಹಾಕಿದರೆ, ಪುರುಸೊತ್ತು ಮಾಡಿಕೊಂಡು ಬಾ ಎಂದು. ಬಿಡದೆ ಬಡಿದರೆ, ಕಫ ಕಟ್ಟಿ ಉಸಿರು ನಿಂತಿದೆ, ಇದ್ದಲ್ಲಿಂದ ಓಡಿ ಬಾ ಎಂದು. ಎರಡು ಸಲ ಹಾಗೆ ಆಗಿದೆ. ಎರಡು ಸಲವೂ ತೋಟದ ಕೆಳಗಿನಿಂದ ಕತ್ತಿ ಬಿಸಾಡಿ ಓಡಿ ಬಂದು ಕುತ್ತಿಗೆಯ ತೂತಿನ ಕೊಳವೆ ತೆಗೆದು ತೊಳೆದಿದ್ದಾಳೆ. ಬೇರೆ ಯಾರಿಗೂ ಈ ಕ್ರಮ ಹೇಳಿಲ್ಲ. ಗಂಡ ಬಟ್ಟಲು ಬಡಿದು ಹೆಂಡತಿಯನ್ನು ಕರೆಯುತ್ತಾನೆಂದು ಊರಿಗೆ ಗೊತ್ತಾದರೆ ಮರ್ಯಾದೆ ಏನು ಉಳಿಯಿತು?

ಜೋಣಿ ಎರಡು ವಾರಕ್ಕೊಮ್ಮೆ ಬರುತ್ತಾನೆ. ಮೊದಲು ಮೂರು ಗಂಟೆ ಕೂರುತ್ತಿದ್ದ, ಈಗ ಅರ್ಧ ಗಂಟೆ. ಅವನ ತಪ್ಪಲ್ಲ, ಇಬ್ಬರ ಮಾತನ್ನು ಒಬ್ಬನೇ ಎಷ್ಟು ಹೊತ್ತು ಆಡುವುದು.

ಹೃದಯ ತನ್ನ ಕೆಲಸ ಮಾಡುತ್ತಿದೆ. ಶ್ವಾಸಕೋಶ, ಹೊಟ್ಟೆ, ಮೂತ್ರಪಿಂಡ ಎಲ್ಲ ಹೊತ್ತುಹೊತ್ತಿಗೆ ಡ್ಯೂಟಿಗೆ ಹಾಜರು. ಕೆಲಸ ಇಲ್ಲದವನು ನಾನೊಬ್ಬ. ಅವ್ವ ತೋಟಕ್ಕೆ ಹೋದ ಮೇಲೆ ಜಗಲಿಯಲ್ಲಿ ಕೂತು ಇದನ್ನೇ ಯೋಚಿಸುತ್ತೇನೆ. ಸಾಯುವ ಯೋಚನೆಯೂ ಬರುತ್ತದೆ, ನಿನ್ನಿಂದ ಮುಚ್ಚಿಟ್ಟು ಏನು ಪ್ರಯೋಜನ. ನಿನ್ನ ಶಾಸ್ತ್ರದಲ್ಲಿ ಇಡೀ ಮನುಷ್ಯನ ಕೆಲಸ ಏನೆಂದು ಬರೆದಿದೆಯೇ?

ಅಪ್ಪ


ಮೈಸೂರು
೨ ಏಪ್ರಿಲ್ ೨೦೨೪

ಪ್ರೀತಿಯ ಅಪ್ಪ,

ಕೊನೆಯ ಸಾಲುಗಳನ್ನು ಓದಿ ಅವತ್ತೇ ಬಸ್ಸು ಹತ್ತುವವಳಿದ್ದೆ. ಅವ್ವನಿಗೆ ಫೋನು ಮಾಡಿದೆ. "ನಾನಿದ್ದೇನೆ, ನೋಡಿಕೊಳ್ತೇನೆ, ನೀನು ಓದು" ಎಂದಳು. ಆ ಯೋಚನೆ ಮತ್ತೆ ಬಂದರೆ ಸ್ಲೇಟಿನಲ್ಲಿ ಬರೆದು ಅವಳಿಗೆ ತೋರಿಸಿ. ಅಷ್ಟನ್ನು ಮಾಡುತ್ತೇನೆಂದು ನನಗೆ ಮಾತು ಕೊಡಿ.

ನೀವು ಕೇಳಿದ್ದಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರ ಉಂಟು. ಈ ಸಲ ಕೋಪ ಮಾಡಿಕೊಳ್ಳಬೇಡಿ. ಕೆಲಸ ಇರುವುದು ಭಾಗಗಳಿಗೆ ಮಾತ್ರ. ಕಪ್ಪೆಯ ಹೃದಯ ಕಪ್ಪೆಗಾಗಿ ಇದೆ ಎನ್ನಬಹುದು. ಆದರೆ ಕಪ್ಪೆ ಯಾವುದಕ್ಕಾಗಿ ಇದೆ ಎಂದು ಕೇಳಿದರೆ ಉತ್ತರ ಇಲ್ಲ. ಅದು ಯಾವುದಕ್ಕಾಗಿಯೂ ಇಲ್ಲ. ಅದು ಇದೆ, ಅದಕ್ಕಾಗಿ ಉಳಿದದ್ದೆಲ್ಲ ಇದೆ. ನಿಮ್ಮ ಹೃದಯ, ಶ್ವಾಸಕೋಶ, ಹೊಟ್ಟೆ ಎಲ್ಲ ಡ್ಯೂಟಿಗೆ ಬರುವುದು ನೀವು ಇರಲಿ ಎಂದು. ನೀವು ಏನನ್ನೂ ಮಾಡಿ ತೋರಿಸಬೇಕಾಗಿಲ್ಲ. ಸುಮ್ಮನೆ ಇದ್ದರೆ ಸಾಕು. ಅವ್ವನಿಗೂ ಅಷ್ಟೇ ಸಾಕು.

ಯಂತ್ರವನ್ನು ಕಪಾಟಿನಿಂದ ತೆಗೆಯಿರಿ. ಬಟ್ಟಲು ಎರಡೇ ಮಾತು ಹೇಳುತ್ತದೆ.

ಜೂನಿನಲ್ಲಿ ಬರುತ್ತೇನೆ.

ನಿಮ್ಮ ಮಗಳು
ಮೋಕ್ಷಿತಾ


ಆಲೆಟ್ಟಿ
೨೮ ಜುಲೈ ೨೦೨೪

ಮಗಾ,

ಅವ್ವ ಹೋಗಿ ಇವತ್ತಿಗೆ ಎಪ್ಪತ್ತು ದಿನ. ಹದಿಮೂರನೆಯ ದಿನದ ಬೊಜ್ಜ ಮುಗಿಸಿ ನೀನು ಮೈಸೂರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ನನ್ನ ಮುಖ ನೋಡಿದೆ. ಏನೋ ಕೇಳುವವಳಿದ್ದೆ, ಕೇಳಲಿಲ್ಲ. ನಾನೂ ಚೀಲದಿಂದ ಸ್ಲೇಟು ತೆಗೆಯಲಿಲ್ಲ. ಬಸ್ಸು ಹೋಯಿತು.

ಅರಣ್ಯ ಇಲಾಖೆಯವರ ಕಾಗದ ಬಂದಿದೆ. ಅದರಲ್ಲಿ ಹೀಗಿದೆ. ಬೆಳಿಗ್ಗೆ ಆರೂವರೆಗೆ ಮೃತರು ತೋಡಿನ ಆಚೆ ಹುಲ್ಲು ಕೊಯ್ದು ಮನೆಗೆ ಮರಳುವಾಗ ಒಂಟಿ ಕಾಡಾನೆ ದಾಳಿ ಮಾಡಿತು. ಮಾತು ಬಾರದ ಪತಿ ಬಟ್ಟಲು ಬಡಿದು ಆನೆಯನ್ನು ಓಡಿಸಲು ಪ್ರಯತ್ನಿಸಿದರು. ಊರಿನವರೂ ಹಾಗೇ ಹೇಳುತ್ತಾರೆ. "ಪಾಪ ಜತ್ತಣ್ಣ, ಕೈಯಲ್ಲಿ ಆದಷ್ಟು ಮಾಡಿದ್ದಾರೆ" ಎಂದು ನನ್ನ ಎದುರಿನಲ್ಲೇ ಹೇಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ದುಃಖ ಎಂದುಕೊಳ್ಳುತ್ತಾರೆ.

ಆ ಬಟ್ಟಲಿನ ಅರ್ಥ ಗೊತ್ತಿದ್ದವರು ಮೂರೇ ಜನ. ಅವಳು, ನಾನು, ಮತ್ತೆ ನಾನು ಬರೆದು ತಿಳಿಸಿದ ನೀನು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಜಗಲಿಯಲ್ಲಿದ್ದೆ. ಅಲ್ಲಿಂದ ತೋಡಿನ ನೀರು, ಅದನ್ನು ದಾಟುವ ಮರದ ಸಂಕ, ಆಚೆಯ ಹುಲ್ಲಿನ ಗದ್ದೆ ಎಲ್ಲ ಕಾಣುತ್ತದೆ. ಅವಳು ಆಚೆ ದಡದಲ್ಲಿ ಬೆನ್ನು ಹಾಕಿ ಹುಲ್ಲು ಕೊಯ್ಯುತ್ತಿದ್ದಳು. ಆನೆ ಈಚೆ ದಡದಲ್ಲಿ, ಸಂಕ ದಾಟಿದ ಕೂಡಲೇ ಸಿಗುವ ಬಿದಿರು ಮೆಳೆಯ ಹಿಂದೆ ನಿಂತಿತ್ತು. ನನಗೆ ಬೆನ್ನು ಮಾತ್ರ ಕಂಡಿತು, ಮೊದಲು ಬಂಡೆ ಎಂದುಕೊಂಡೆ. ಅವಳಿಗೆ ಅದು ಕಾಣುವ ಹಾಗೆ ಇರಲಿಲ್ಲ. ಅದು ಅವಳ ಕಡೆಗೆ ಹೋಗುತ್ತಲೂ ಇರಲಿಲ್ಲ, ಬಿದಿರು ಮುರಿಯುತ್ತಿತ್ತು. ಅವಳು ಅಲ್ಲೇ ಇನ್ನೊಂದು ಗಳಿಗೆ ಕೂತಿದ್ದರೆ ಅದು ತನ್ನ ದಾರಿ ಹಿಡಿಯುತ್ತಿತ್ತೋ ಏನೋ.

ಎದ್ದು ನಿಂತು ಬಾಯಿ ತೆರೆದೆ. "ಶಂಕರೀ, ಬರಬೇಡ" ಎಂದು ಪೂರ್ತಿ ಹೇಳಿದೆ, ತುಟಿ ನಾಲಗೆ ಎಲ್ಲ ಆಡಿದವು. ಗಾಳಿ ಕುತ್ತಿಗೆಯಿಂದ ಹೋಯಿತು. ಆಮೇಲೆ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಮೊದಲ ಪೆಟ್ಟಿಗೆ ಅವಳು ತಿರುಗಿ ನೋಡಿದಳು. ನಾನು ಕೈ ಬೀಸಿ ಬೇಡ ಬೇಡ ಎಂದೆ, ಅಷ್ಟು ದೂರಕ್ಕೆ ಅದು ಕರೆದ ಹಾಗೆ ಕಂಡಿರಬೇಕು. ಹೆದರಿಕೆಯಲ್ಲಿ ಬಿಡದೆ ಬಡಿದೆ. ಕತ್ತಿ ಬಿಸಾಡಿ ಓಡಿ ಬಂದಳು ಮಗಾ. ನನ್ನ ಉಸಿರು ನಿಂತಿದೆ ಎಂದು ಓಡಿ ಬಂದಳು. ನಾನು ಎಷ್ಟು ಜೋರಾಗಿ ಬಡಿದೆನೋ ಅವಳು ಅಷ್ಟು ಜೋರಾಗಿ ಓಡಿದಳು. ಅವಳು ಸಂಕದ ಮೇಲೆ ಬಂದಾಗ ನನಗೆ ಗೊತ್ತಾಯಿತು. ಸೌಟು ಕೆಳಗೆ ಬಿಸಾಡಿ ಇಳಿಜಾರಿನಲ್ಲಿ ಓಡಿದೆ. ಅಷ್ಟು ಹೊತ್ತಿಗೆ ಆಗಿತ್ತು.

ಎಪ್ಪತ್ತು ದಿನದಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಮೂವತ್ತು ವರ್ಷ ಸಾವಿರಾರು ಜನರಿಗೆ ಕೇಳುವ ಹಾಗೆ ಕೂಗಿದವನಿಗೆ ಒಬ್ಬಳಿಗೆ ಎರಡು ಮಾತು ಮುಟ್ಟಿಸಲು ಆಗಲಿಲ್ಲ. ಯಂತ್ರ ಕಪಾಟಿನಲ್ಲಿತ್ತು. ಅದರ ಸದ್ದು ತೋಡಿನವರೆಗೆ ಹೋಗುತ್ತಿರಲಿಲ್ಲ ಎಂದು ಜೋಣಿ ಹೇಳುತ್ತಾನೆ, ಅವನಿಗೆ ನಿಜ ಸಂಗತಿ ಗೊತ್ತಿಲ್ಲ. ನಾನು ಪೆಟ್ಟಿಗೆ ಉಳಿಸಿಕೊಂಡಿದ್ದರೆ ಈ ಹೊತ್ತಿಗೆ ಸಾಯುವ ಹಾಸಿಗೆಯಲ್ಲಿ ಇರುತ್ತಿದ್ದೆ, ಅವಳು ಪಕ್ಕದಲ್ಲಿ ಕೂತಿರುತ್ತಿದ್ದಳು. ಸರಿಯಾದ ಕ್ರಮ ಅದೇ ಆಗಿತ್ತು.

ನಿನ್ನನ್ನು ದೂರುತ್ತಿಲ್ಲ. ಹಾಗೆ ಬರೆದರೂ ದೂರಿದ ಹಾಗೆ ಕೇಳಿದರೆ, ಇರಲಿ, ಸ್ವಲ್ಪ ದೂರುತ್ತಿದ್ದೇನೆ. ಆದರೆ ಒಂದು ಪ್ರಶ್ನೆಗೆ ಉತ್ತರ ಬರೆ. ಮೀನಿನ ಕಥೆ ಬೇಡ. ಆ ಪೆಟ್ಟಿಗೆಯ ಕೆಲಸ ಏನಾಗಿತ್ತು?

ಅಪ್ಪ


ಮೈಸೂರು
೯ ಆಗಸ್ಟ್ ೨೦೨೪

ಅಪ್ಪ,

ನನಗೆ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಜೋಣಿ ಅಂಕಲ್ ಫೋನು ಮಾಡಿ, "ಅಪ್ಪ ಪಾಪ ಬಟ್ಟಲು ಬಡಿದಿದ್ದಾರೆ ಮೋಳೇ, ಮಗಳೇ" ಎಂದಾಗಲೇ ಗೊತ್ತಾಯಿತು. ಬಸ್ಸಿನಲ್ಲಿ ಬರುವಾಗ ಪೂರ್ತಿ ಅದೊಂದೇ. ಬೊಜ್ಜದವರೆಗಿನ ಅಷ್ಟೂ ದಿನ ಮನೆಯಲ್ಲಿ ನಿಮ್ಮ ಎದುರು ಓಡಾಡಿದೆ, ಬಂದವರಿಗೆ ಬಡಿಸಿದೆ. ಅಡಿಗೆ ಮನೆಯ ಮೂಲೆಯಲ್ಲಿ ಆ ಬಟ್ಟಲು ನೆಗ್ಗಿ ಬಿದ್ದಿತ್ತು. ಯಾರ ಕೈಗೂ ಸಿಗಬಾರದೆಂದು ಅದನ್ನು ಅಟ್ಟದ ಮೇಲೆ ಇಟ್ಟವಳು ನಾನು. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲದೇ ಇರಲಿ ಎಂದುಕೊಂಡೆ. ಗೊತ್ತಿದೆ ಎಂಬುದು ನಿಮ್ಮ ಮುಖ ನೋಡಿದರೆ ತಿಳಿಯುತ್ತಿತ್ತು. ಬಸ್ಸಿನ ಕಿಟಕಿಯಲ್ಲಿ ಕೇಳಲು ಹೊರಟದ್ದೂ ಅದನ್ನೇ.

ದೂರುತ್ತಿದ್ದೇನೆ ಎಂದು ಬರೆದಿರಲ್ಲ, ಅದೊಂದೇ ಸಾಲನ್ನು ನಾನು ನೆಮ್ಮದಿಯಿಂದ ಓದಿದ್ದು. "ಅವ್ವನಿಗೆ ಬೇಕಾದ್ದು ನೀವು, ನಿಮ್ಮ ಸ್ವರ ಅಲ್ಲ" ಎಂದು ಬರೆದವಳು ನಾನು. ಅವಳನ್ನು ಒಂದು ಮಾತೂ ಕೇಳದೆ ಬರೆದೆ.

ಉತ್ತರವನ್ನು ಮೂರು ಸಲ ಬರೆದು ಹರಿದೆ. ಅಪಾಯ ಕಂಡಾಗ ಒಂದು ಪ್ರಾಣಿ ಇನ್ನೊಂದಕ್ಕೆ ಕೂಗಿ ತಿಳಿಸುವುದರ ಬಗ್ಗೆ ಎರಡು ಪುಟ ಬರೆದಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ಓದಿದರೆ ನನಗೇ ಅಸಹ್ಯ ಆಯಿತು. ಅದರ ಬದಲು ನಿಮಗೆ ಹೇಳಬಾರದೆಂದು ಅವ್ವ ಹೇಳಿದ್ದನ್ನು ಹೇಳುತ್ತೇನೆ. ಸಮಾಧಾನಕ್ಕಲ್ಲ, ಇದರಲ್ಲಿ ಸಮಾಧಾನ ಇಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವಳು ಫೋನು ಮಾಡಿದ್ದಳು. ಅವಳಾಗಿ ಮಾಡುವುದು ಅಪರೂಪ. "ಅಪ್ಪ ಒಳ್ಳೆದಿದ್ದಾರೆ. ಉಣ್ತಾರೆ, ನಿದ್ದೆ ಮಾಡ್ತಾರೆ" ಎಂದಳು. ಆಮೇಲೆ, "ಒಂದು ಹೇಳ್ತೇನೆ, ಅವರಿಗೆ ಹೇಳ್ಬೇಡ ಆಯ್ತಾ. ನನ್ನ ಹೆಸರು ಕರೆಯುವವರು ಯಾರೂ ಇಲ್ಲ ಈಗ" ಎಂದಳು.

ಅಜ್ಜಿ ತೀರಿಕೊಂಡ ಮೇಲೆ ಅವಳನ್ನು ಶಂಕರಿ ಎನ್ನುತ್ತಿದ್ದವರು ನೀವೊಬ್ಬರೇ ಅಪ್ಪ. ನನಗೆ ಅವ್ವ, ಚಿಕ್ಕಪ್ಪಂದಿರಿಗೆ ಅತ್ತಿಗೆ, ಊರಿಗೆ ಜತ್ತಣ್ಣನ ಹೆಂಡತಿ. ದಿನಕ್ಕೆ ಹತ್ತು ಸಲ ತೋಟದ ಮೇಲಿನಿಂದ ನೀವು ಹೆಸರು ಹಿಡಿದು ಕೂಗುತ್ತಿದ್ದಿರಿ, ಅವಳು ಎಷ್ಟೋ ಸಲ ಓಗೊಡುತ್ತಲೂ ಇರಲಿಲ್ಲ. "ಎರಡು ಸಲ ಕರೆಯಲಿ ಅಂತ ಸುಮ್ಮನೆ ಇರ್ತಿದ್ದೆ" ಎಂದು ನಕ್ಕಳು. ನಕ್ಕು ಅತ್ತಳು.

ನಾನು ಏನು ಹೇಳಿದೆ ಗೊತ್ತೇ? ಅಭ್ಯಾಸ ಆಗುತ್ತದೆ ಅವ್ವ ಎಂದೆ. ನನಗೆ ಅವತ್ತು ಗಡಿಬಿಡಿ ಇತ್ತು. ಫೋನಿಟ್ಟು ಸೆಮಿನಾರಿಗೆ ಹೋದೆ. ಅಂಗದ ಕೆಲಸ ಎಂದರೇನು ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದೆ. ಒಂದು ಪ್ರಶ್ನೆಗೂ ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಮ್ಮ ಮಗಳು
ಮೋಕ್ಷಿತಾ